ಶತಮಾನೋತ್ಸವಕ್ಕೊಂದು ಸಹಿ

ನವೆಂಬರ್ 4, ಸೋಮವಾರ, ಸಂಜೆ

ಮತ್ತೆ ಏಳನೆಯ ತರಗತಿಯ ಉತ್ತರಪತ್ರಿಕೆ. ಅರ್ಧ ತಿದ್ದುವಷ್ಟರಲ್ಲಿ ಕಣ್ಣು ಉರಿ. ಸ್ಟಾಫ್ ರೂಮಿನ ಫ್ಯಾನ್ ಸದ್ದು ಮಾಡುತ್ತದೆ, ಗಾಳಿ ಕೊಡುವುದಿಲ್ಲ — ನಮ್ಮಲ್ಲಿ ಕೆಲವರ ಹಾಗೆ.

ಮಧ್ಯಾಹ್ನ ಹೆಡ್ ಸಿಸ್ಟರ್ ಕರೆದರು. ನನ್ನ ಮಗಳ ವಯಸ್ಸು, ಪಾಪ. "ಟೀಚರ್, ಫೆಬ್ರವರಿಗೆ ನಮ್ಮ ಸ್ಕೂಲಿಗೆ ನೂರು ವರ್ಷ. ಸೊವೆನೀರ್‌ಗೆ ಸ್ಕೂಲಿನ ಚರಿತ್ರೆ ನೀವೇ ಬರೀಬೇಕು. ಇಲ್ಲೇ ಓದಿ, ಇಲ್ಲೇ ಹಿಸ್ಟರಿ ಪಾಠ ಮಾಡ್ತಿರೋರು ನೀವೊಬ್ಬರೇ."

ಕೋಲೆಬಸವನ ಹಾಗೆ ತಲೆಯಾಡಿಸಿ ಬಂದೆ. ಮನೆಯಲ್ಲಿ ಇವರು, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ನಕ್ಕರು. ನಗಲಿ. ಪಾತ್ರೆ ಅವರೇ ತೊಳೆಯಲಿ.

ನವೆಂಬರ್ 9, ಶನಿವಾರ

ಆದದ್ದು ಇಷ್ಟು. ಶಾಲೆ ಶುರುವಾದದ್ದು ಕುದುರೆ ಲಾಯದಲ್ಲಿ. ಹೊರದೇಶದಿಂದ ಬಂದ ಒಬ್ಬ ಫಾದರ್. ಊರಿನ ಭಾಷೆ ಬಾರದು. ಹಾರ್ಮೋನಿಯಂ ಬಾರಿಸಿ ಮಕ್ಕಳನ್ನು ಸೇರಿಸಿದರಂತೆ. ಮೇವಿನ ತೊಟ್ಟಿಗೆ ಹಲಗೆ ಹೊಡೆದದ್ದೇ ಮೊದಲ ಡೆಸ್ಕು. ಆಮೇಲೆ ಸಿಸ್ಟರುಗಳು ಬಂದರು. ಲಾಯ ಹೋಗಿ ಹೆಂಚಿನ ಕಟ್ಟಡ, ಅದೂ ಹೋಗಿ ಈ ಮೂರು ಮಹಡಿ. ಮೊದಲು ಹುಡುಗಿಯರು ಮಾತ್ರ. ನನ್ನ ಕಾಲಕ್ಕೆ ಹುಡುಗರು ಬಂದರು, ಕಿಟಕಿಯ ಗಾಜು ಹೋಯಿತು.

ಇಲ್ಲಿಯವರೆಗೆ ಸಲೀಸು. ಬರೆಯುತ್ತ ದೊಡ್ಡ ಸಿಸ್ಟರ ಕಾಲಕ್ಕೆ ಬಂದಕೂಡಲೇ ಪೆನ್ನು ನಿಂತಿತು.

ಬೇರೆ ಸಿಸ್ಟರುಗಳು ಬಂದು ಹೋಗುತ್ತಿದ್ದರು. ಇವರು ಮಾತ್ರ ಬೇರು ಬಿಟ್ಟರು. ಒಂದನೆಯ ತರಗತಿ ಎಂದರೆ ಅವರೇ. ಅವರು ಕಲಿಸಿದ ಅಕ್ಷರ ನಮ್ಮ ಶಾಲೆಯ ಹೆಮ್ಮೆ — ಬ್ಯಾಂಕಿನ ಕ್ಯಾಷಿಯರ್, ಔಷಧಿ ಅಂಗಡಿಯವರು, ನಾನು, ಎಲ್ಲರದೂ ಒಂದೇ ಥರ ಬಲಕ್ಕೆ ವಾಲಿದ ಬರಹ.

"ಪ್ರೀತಿಯ ಮೂರ್ತಿ" ಎಂದು ಬರೆದೆ. ಹೊಡೆದುಹಾಕಿದೆ. ಮತ್ತೆ ಬರೆದೆ.

ನಾನು ಹುಟ್ಟಾ ಎಡಚಿ. ಒಂದನೆಯ ತರಗತಿಯ ವರ್ಷವೆಲ್ಲ ದೊಡ್ಡ ಸಿಸ್ಟರ್ ನನ್ನ ಎಡಗೈಯನ್ನು ಬೆಂಚಿಗೆ ಕಟ್ಟುತ್ತಿದ್ದರು. ನನ್ನದೇ ಜಡೆಯ ರಿಬ್ಬನ್ ಬಿಚ್ಚಿ ಕಟ್ಟುವುದು. ಸಂಜೆ ಒಂದು ಜಡೆ ಕೆದರಿಕೊಂಡು ಮನೆಗೆ ಬಂದರೆ ಅಮ್ಮನ ಬೈಗುಳ ಬೇರೆ. ಇದನ್ನು ಬರೆಯಲೇ? ಬಿಟ್ಟರೆ ಅದೆಂಥ ಚರಿತ್ರೆ? ಕೋಪ ಇನ್ನೂ ಇದೆ. ಇಷ್ಟು ವರ್ಷ ಎಲ್ಲಿ ಕೂತಿತ್ತೋ.

ನವೆಂಬರ್ 23, ಶನಿವಾರ

ಹೆಡ್ ಸಿಸ್ಟರದು ಹೊಸ ರಾಗ. ಸೊವೆನೀರಿನ ಮೊದಲ ಪುಟಕ್ಕೆ ದೊಡ್ಡ ಸಿಸ್ಟರ ಆಶೀರ್ವಾದ, ಕೆಳಗೆ ಸಹಿ. ಆಶೀರ್ವಾದವನ್ನು ಹೆಡ್ ಸಿಸ್ಟರೇ ಟೈಪ್ ಮಾಡಿಸಿ ಇಟ್ಟಿದ್ದಾರೆ. ಸಹಿಯದೇ ಕಷ್ಟ. ಸ್ಟ್ರೋಕ್ ಆದಮೇಲೆ ದೊಡ್ಡ ಸಿಸ್ಟರ ಬಲಗೈ ಬಿದ್ದುಹೋಗಿದೆ.

"ಎಡಗೈಯಲ್ಲಿ ಹಾಕೋಕೆ ನೀವು ಸ್ವಲ್ಪ ಕಲಿಸಿ ಟೀಚರ್. ನಿಮ್ಮ ಮಾತು ಕೇಳ್ತಾರೆ."

ಅವರು ಯಾರ ಮಾತು ಕೇಳಿದವರು? ಎಡಗೈಯಲ್ಲಿ ಬರೆಯುವುದನ್ನು ಅವರಿಗೆ — ನಾನು! ವರಾಂಡದಲ್ಲಿ ಒಬ್ಬಳೇ ನಕ್ಕೆ. ಮೆಟ್ಟಿಲು ಇಳಿಯುವಷ್ಟರಲ್ಲಿ ನಗು ನಿಂತಿತ್ತು.

ನವೆಂಬರ್ 25, ಸೋಮವಾರ

ಕಾನ್ವೆಂಟಿನ ಮೇಲಿನ ಕೊನೆಯ ಕೋಣೆ. ಫಿನಾಯಿಲ್ ವಾಸನೆ. ವೀಲ್‌ಚೇರಿನಲ್ಲಿ ಹಿಡಿಯಷ್ಟಾದ ದೊಡ್ಡ ಸಿಸ್ಟರ್. ಇವರಿಗೇ ಹೆದರುತ್ತಿದ್ದೆನೇ?

"ಯಾರ ಮಗಳೇ ನೀನು?" ಹೇಳಿದೆ. ಗುರುತು ಹತ್ತಲಿಲ್ಲ.

ಪೆನ್ಸಿಲ್ ಕೈಯಿಂದ ಜಾರುತ್ತಲೇ ಇತ್ತು. ಬಗ್ಗಿ ಬಗ್ಗಿ ಎತ್ತಿಕೊಟ್ಟು ನನ್ನ ಸೊಂಟ ಹೋಯಿತು. "ದರಿದ್ರದ ಕೈ. ಬುದ್ಧಿನೇ ಇಲ್ಲ ಇದಕ್ಕೆ" ಎಂದು ತಮ್ಮ ಕೈಯನ್ನೇ ಬೈದರು. ಆ ದನಿ ನನಗೆ ಗೊತ್ತು.

ಡಿಸೆಂಬರ್ 2, ಸೋಮವಾರ

ನಾನೂ ಎಡಚಿ ಎಂದು ಬಾಯಿ ಬಿಟ್ಟೆ. "ಹಾಗಾದ್ರೆ ಬರೆದು ತೋರಿಸು" ಎಂದರು. ಈ ಎಡಗೈ ತರಕಾರಿ ಹೆಚ್ಚುತ್ತದೆ, ಬೀಗ ತೆಗೆಯುತ್ತದೆ, ಹಿಂದಿನ ಬೆಂಚಿಗೆ ಗುರಿಯಿಟ್ಟು ಚಾಕ್‌ಪೀಸ್ ಎಸೆಯುತ್ತದೆ. ನನ್ನ ಹೆಸರು ಬರೆಯಲು ಬರಲಿಲ್ಲ. ಕಾಗೆ ಕಾಲು, ಗುಬ್ಬಿ ಕಾಲು.

"ಅಯ್ಯೋ, ನಂದೇ ವಾಸಿ!" ಎಂದು ನಕ್ಕರು. ಆಮೇಲೆ ಕಾಗದವನ್ನು ಕಣ್ಣ ಹತ್ತಿರ ಹಿಡಿದು, "ಎಡಚಿ ಅಂತೀಯ, ಬರೆಯೋಕೆ ಬರಲ್ಲ ಅಂತೀಯ. ಯಾರು ಹೀಗೆ ಕೆಡಿಸಿದ್ದು ನಿನ್ನ ಕೈನ?"

ಉತ್ತರ ನಾಲಿಗೆ ತುದಿಗೆ ಬಂದಿತ್ತು. "ಕ್ಲಾಸಿಗೆ ಹೊತ್ತಾಯ್ತು ಸಿಸ್ಟರ್" ಎಂದು ಎದ್ದು ಬಂದೆ. ಹೇಡಿ.

ಡಿಸೆಂಬರ್ 3

ಹೇಳಿದೆ. "ನೀವೇ ಸಿಸ್ಟರ್. ರಿಬ್ಬನ್ ಬಿಚ್ಚಿ ಬೆಂಚಿಗೆ ಕಟ್ತಿದ್ರಿ."

ಕಿಟಕಿಯ ಕಡೆ ನೋಡಿದರು. "ಕಟ್ಟಿದ್ರೆ ಏನಾಯ್ತೀಗ? ಅಕ್ಷರ ದುಂಡಗಾಯ್ತಲ್ಲ."

ಆಯಿತು. ಪೆನ್ಸಿಲ್ ಎತ್ತಿಟ್ಟು ಬಂದೆ. ದಾರಿಯಲ್ಲಿ ಅಳು ಬಂತು. ಕಣ್ಣಿಗೆ ಧೂಳು ಎಂದೆ ಇವರಿಗೆ. ನಂಬಿದ ಹಾಗೆ ಮಾಡಿದರು.

ಡಿಸೆಂಬರ್ 19, ಗುರುವಾರ

ಇಷ್ಟು ದಿನ ಆ ಕಡೆ ತಲೆ ಹಾಕಲಿಲ್ಲ. ಇವತ್ತು ಅವರೇ ಹೇಳಿಕಳುಹಿಸಿದರು. ಹೋಗಿ ಕೂತೆ.

"ವರ್ಷಕ್ಕೆ ಇಬ್ಬರೋ ಮೂವರೋ ಇರ್ತಿದ್ರು, ಎಡಗೈಯವರು" ಎಂದರು. "ಒಬ್ಬರೂ ನನಗೆ ಬೇಡ ಅನ್ನಲಿಲ್ಲ."

"ನಿಮಗೆ ಬೇಡ ಅನ್ನೋ ಧೈರ್ಯ ಯಾರಿಗಿತ್ತು ಸಿಸ್ಟರ್?"

"ಹೌದು. ಇರಲಿಲ್ಲ." ಶಾಲು ಸರಿಮಾಡಿಕೊಂಡರು. "ಪುಸ್ತಕದಲ್ಲಿ ಕೈ ಕಟ್ಟಿದ್ದನ್ನೂ ಬರಿ. ಅದಕ್ಕೆ ಬೇಕಾದ್ರೆ ಸಹಿ ಹಾಕ್ತೀನಿ. ಅವರು ಟೈಪ್ ಮಾಡಿದ್ದಕ್ಕೆ ಹಾಕಲ್ಲ."

ಜನವರಿ 8, ಬುಧವಾರ

ಬರೆದೆ. ಅರ್ಧ ಪುಟ. ಅಕ್ಷರ ಕಲಿಸಿದ್ದು, ಕೈ ಕಟ್ಟಿದ್ದು, ಎರಡೂ. ಬಣ್ಣ ಹಚ್ಚಲಿಲ್ಲ, ಬೈಯಲೂ ಇಲ್ಲ. ಓದಿ ಹೇಳಿದೆ. ಎಡಗೈಯಲ್ಲೇ ಸಹಿ ಹಾಕಿದರು. ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ಆದರೂ ಓದಬಹುದು.

ಹೆಡ್ ಸಿಸ್ಟರ್ ತಲೆ ಹಿಡಿದುಕೊಂಡರು. "ಬಿಷಪ್ ಓದ್ತಾರೆ ಟೀಚರ್! ಈ ಆಶೀರ್ವಾದದ ಕೆಳಗೂ ಒಂದು ಹಾಕಿಸಿ, ಅದನ್ನೇ ಪ್ರಿಂಟ್ ಮಾಡೋಣ."

ಮತ್ತೆ ಮೇಲೆ ಹೋದೆ. ದೊಡ್ಡ ಸಿಸ್ಟರ್ ಎಡಗೈಯನ್ನು ಶಾಲಿನೊಳಗೆ ಎಳೆದುಕೊಂಡರು. "ಕೈ ನೋಯ್ತಿದೆ ಅಂತ ಹೇಳು." ನೋವೂ ಇಲ್ಲ, ಗೀವೂ ಇಲ್ಲ. ಒಂದನೆಯ ತರಗತಿಯ ಮಕ್ಕಳ ಹಟ.

ಜನವರಿ 10, ಶುಕ್ರವಾರ, ಸಂಜೆ ಐದು

ಪ್ರೆಸ್ಸಿನವರು ಬಂದು ಕೂತಿದ್ದರು. ಹೆಡ್ ಸಿಸ್ಟರ್ ಆ ಅರ್ಧ ಪುಟವನ್ನು ಇನ್ನೊಮ್ಮೆ ಓದಿದರು, ನಿಧಾನಕ್ಕೆ. "ಬಿಷಪ್ ಕೇಳಿದ್ರೆ ನೀವೇ ಉತ್ತರ ಕೊಡಿ" ಎಂದು ಪ್ರೆಸ್ಸಿನವರ ಕೈಗಿಟ್ಟರು. ಗೆದ್ದೆ ಅನಿಸಲಿಲ್ಲ. ಸುಸ್ತು.

ಮೇಲೆ ಹೋಗಿ ಹೇಳಿದೆ. ದೊಡ್ಡ ಸಿಸ್ಟರ್ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಎಂದುಕೊಂಡೆ.

"ರಿಬ್ಬನ್ ಯಾವ ಬಣ್ಣದ್ದು?"

"ನೀಲಿ, ಸಿಸ್ಟರ್."

"ಅದನ್ನೂ ಹಾಕಬೇಕಿತ್ತು ಕಣೇ" ಎಂದು ಮುಖ ಆ ಕಡೆ ತಿರುಗಿಸಿದರು. ಭುಜ ಅಲುಗುತ್ತಿತ್ತು. ಅವರ ಎಡಗೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದು ಬಂದೆ.

ಪ್ರೆಸ್ ಆರಕ್ಕೆ ಮುಚ್ಚುತ್ತದೆ. ನೀಲಿ. ಒಂದೇ ಒಂದು ಪದ ತಾನೇ ಸೇರಿಸಬೇಕಾದದ್ದು, ಈಗಲೇ ಎದ್ದು ಹೊರಟರೆ —