ನನ್ನ ಟೆಂಪಿ ಅನಾಥೆಯಲ್ಲ

ಗವರ್ನರ್ ಅವರ ಕುರ್ಚಿಯಲ್ಲಿ ಈಗ ಕೂತಿರುವ ಮಾನ್ಯರೇ,

ನನ್ನ ಮಗಳು ಟೆಂಪಿಗೆ ಒಂಬತ್ತು ವರ್ಷ. ಅವಳ ತಾಯಿ ವೀನಿ ಕಳೆದ ವರ್ಷ ಸಿಡುಬಿನಲ್ಲಿ ತೀರಿಕೊಂಡಳು. ತಂದೆಯಾದ ನಾನು ಗಟ್ಟಿಮುಟ್ಟಾಗಿ ಬದುಕಿದ್ದೇನೆ. ಹೀಗಿದ್ದೂ ನಮ್ಮ ಪೆಂಡಲ್ ಕೌಂಟಿಯ ನ್ಯಾಯಾಧೀಶರು ಅವಳನ್ನು ಅನಾಥೆ ಎಂದು ಘೋಷಿಸಿ, ಹದಿನೆಂಟು ತುಂಬುವವರೆಗೆ ಮನೆಗೆಲಸ ಕಲಿಸುವ ಹೆಸರಿನಲ್ಲಿ ನಮ್ಮ ಹಳೆಯ ಧಣಿ ಲೇತ್ರಪ್ ಅವರ ವಶಕ್ಕೆ ಬರೆದುಕೊಟ್ಟಿದ್ದಾರೆ. ಹಾಗೆ ಘೋಷಿಸುವಾಗ ನಾನು ಅದೇ ಕೋಣೆಯಲ್ಲಿ, ಅವರ ಮೇಜಿನ ಮುಂದೆಯೇ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದೆ. ಸತ್ತವನ ಹಾಗೆ ಕಾಣುತ್ತಿದ್ದೆನೋ ಏನೋ, ಗೊತ್ತಿಲ್ಲ.

ಇದನ್ನು ನಿಮಗೆ ಒಮ್ಮೆ ಬರೆದು ತಿಳಿಸಿದ್ದೆ. ನಿಮ್ಮ ಕಚೇರಿಯವರು ಬಹಳ ಶ್ರದ್ಧೆಯಿಂದ ವಿಚಾರಣೆ ನಡೆಸಿದರು. ಅಂದರೆ, ಯಾರ ಮೇಲೆ ದೂರು ಕೊಟ್ಟಿದ್ದೆನೋ ಅವರನ್ನೇ ಕೇಳಿದರು. ‘ಐಶಮ್ ಎಂಬ ಈ ವ್ಯಕ್ತಿಗೆ ಹೆಂಡತಿ ಇರಲಿಲ್ಲ, ಮಕ್ಕಳೂ ಇಲ್ಲ’ ಎಂದು ನ್ಯಾಯಾಧೀಶರು ಉತ್ತರ ಬರೆದರಂತೆ. ನಿಮ್ಮ ಕಾರ್ಯದರ್ಶಿಗಳು ಆ ಒಂದು ಸಾಲನ್ನು ನನಗೆ ಕಳಿಸಿ, ವಿಷಯ ಇಲ್ಲಿಗೆ ಮುಗಿಯಿತು ಎಂದರು. ಆದ್ದರಿಂದ ಈ ಸಲ ಹತ್ತು ಜನ ಓದಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾನು ಅಕ್ಷರ ಕಲಿತದ್ದು ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲೆ, ಚರ್ಚಿನ ಶಾಲೆಯಲ್ಲಿ, ಮಕ್ಕಳ ಜೊತೆ ಒಂದೇ ಬೆಂಚಿನ ಮೇಲೆ ಕೂತು. ಅಲ್ಲಿನ ಟೀಚರಮ್ಮ ಈ ಪತ್ರದ ತಪ್ಪುಗಳನ್ನು ತಿದ್ದಿಕೊಟ್ಟಿದ್ದಾರೆ. ಒಂದೆರಡು ಮಾತುಗಳನ್ನು ಸ್ವಲ್ಪ ಮೆತ್ತಗೆ ಮಾಡಬೇಕು ಎಂದೂ ಹೇಳಿದರು. ಅದೊಂದನ್ನು ನಾನು ಕೇಳಲಿಲ್ಲ.

ಮಾನ್ಯರೇ, ನಿಮ್ಮ ಕಚೇರಿಗೆ ನನ್ನ ವಿಷಯ ಹೊಸದಲ್ಲ. ಉತ್ತರದವರ ಜೊತೆಗಿನ ಯುದ್ಧದ ಮೂರನೆಯ ವರ್ಷ ಇದೇ ನ್ಯಾಯಾಧೀಶರು ಇದೇ ವಿಳಾಸಕ್ಕೆ ನನ್ನ ಬಗ್ಗೆ ಒಂದು ಪತ್ರ ಬರೆದಿದ್ದರು. ಆಗ ಕುರ್ಚಿಯಲ್ಲಿದ್ದವರು ಬೇರೆ. ಪತ್ರಗಳನ್ನಿಡುವ ಕಪಾಟು ಅದೇ ಇರಬೇಕು.

ಆ ವರ್ಷ ಉಪ್ಪಿಗೆ ಬಂದ ಬರವನ್ನು ಇಲ್ಲಿ ಯಾರೂ ಮರೆತಿಲ್ಲ. ಸಮುದ್ರದ ದಾರಿಯನ್ನು ಉತ್ತರದ ಹಡಗುಗಳು ಕಟ್ಟಿಹಾಕಿದ್ದವು. ಚಳಿಗಾಲಕ್ಕೆ ಹಂದಿ ಕಡಿಯಬೇಕು, ಕಡಿದರೆ ಉಪ್ಪಿಲ್ಲ, ಉಪ್ಪಿಲ್ಲದಿದ್ದರೆ ಮಾಂಸ ವಾರದೊಳಗೆ ಕೊಳೆಯುತ್ತದೆ. ಗಂಡಂದಿರನ್ನು ದಂಡಿಗೆ ಕಳಿಸಿದ ಹೆಂಗಸರು ಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡು ಕೋರ್ಟಿನ ಅಂಗಳಕ್ಕೆ ಬಂದು ಕೂರುತ್ತಿದ್ದರು. ಆಗ ಎಲ್ಲರ ಕಣ್ಣೂ ಹೊಗೆಮನೆಗಳ ನೆಲದ ಮೇಲೆ ಬಿತ್ತು. ತಲೆತಲಾಂತರದಿಂದ ಮಾಂಸಕ್ಕೆ ಉಪ್ಪು ಸವರಿ ಹೊಗೆಯಲ್ಲಿ ಒಣಗಲು ತೂಗುಹಾಕಿದ ಕೋಣೆಗಳು ಅವು. ತೊಟ್ಟಿಕ್ಕಿದ ಉಪ್ಪುನೀರೆಲ್ಲ ಮಣ್ಣಿಗೇ ಇಳಿದಿತ್ತು. ಆ ಮಣ್ಣನ್ನು ಅಗೆದು, ಪೀಪಾಯಿಗೆ ತುಂಬಿ, ಮೇಲಿಂದ ನೀರು ಹೊಯ್ದು, ಕೆಳಗೆ ಸೋರಿದ್ದನ್ನು ಕೊಪ್ಪರಿಗೆಯಲ್ಲಿ ಕುದಿಸಿದರೆ ಕಂದು ಬಣ್ಣದ ಉಪ್ಪು ಸಿಗುತ್ತದೆ. ಮಸಿಯ ವಾಸನೆ ಹೊಡೆಯುತ್ತದೆ, ಆದರೂ ಉಪ್ಪೇ. ಆ ಕೆಲಸಕ್ಕೆ ಲೇತ್ರಪ್ ಧಣಿಗಳು ನನ್ನನ್ನೂ ಈನಕ್ ಎಂಬ ನನ್ನ ಗೆಳೆಯನನ್ನೂ ಹಚ್ಚಿದರು. ಆ ಚಳಿಗಾಲ ಪೆಂಡಲ್ ಕೌಂಟಿಯ ಬಡವರ ಮನೆಗಳೆಲ್ಲ ನಾವು ಕುದಿಸಿದ ಉಪ್ಪು ತಿಂದಿವೆ. ಇದನ್ನು ಹಂಗಿಸಲು ಹೇಳುತ್ತಿಲ್ಲ. ಮುಂದಿನ ಮಾತು ಅರ್ಥವಾಗಲಿ ಎಂದು ಹೇಳುತ್ತಿದ್ದೇನೆ.

ಅಷ್ಟರಲ್ಲಿ ರಾಜಧಾನಿಯ ಸುತ್ತ ಕಂದಕ ತೋಡಲು ಒಬ್ಬೊಬ್ಬ ಧಣಿಯೂ ಇಷ್ಟಿಷ್ಟು ಆಳು ಕಳಿಸಬೇಕು ಎಂದು ಗವರ್ನರ್ ಕಚೇರಿಯಿಂದ ಅಪ್ಪಣೆ ಬಂತು. ಹೋಗಬೇಕಾದವರಲ್ಲಿ ನಾನೂ ಒಬ್ಬ. ಆಗ ನ್ಯಾಯಾಧೀಶರು ನಿಮ್ಮ ಕಚೇರಿಗೆ ಪತ್ರ ಬರೆದರು. ಬರೆದು ಸುಮ್ಮನೆ ಕಳಿಸಲಿಲ್ಲ. ತಮಗಾಗಿ ನ್ಯಾಯಾಧೀಶರು ಎಷ್ಟು ಕಷ್ಟಪಡುತ್ತಿದ್ದಾರೆ ಎಂದು ಹೆಂಗಸರಿಗೆ ಗೊತ್ತಾಗಲಿ ಅಂತ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಎತ್ತಿದ ದನಿಯಲ್ಲಿ ಓದಿದರು. ನಾನು ಉಪ್ಪಿನ ಗಾಡಿಯ ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ‘ಈ ಐಶಮ್ ಇಲ್ಲದಿದ್ದರೆ ನಮ್ಮ ಯೋಧರ ಕುಟುಂಬಗಳು ಚಳಿಗಾಲ ದಾಟುವುದು ಕಷ್ಟ. ಅವನನ್ನು ಇಲ್ಲೇ ಬಿಟ್ಟರೆ ಶತ್ರುಗಳ ಕಡೆಗೆ ಓಡಿಹೋಗುವನೆಂಬ ಭಯ ತಮಗೆ ಬೇಡ. ಅವನಿಗೆ ಇಲ್ಲಿ ಹೆಂಡತಿಯಿದ್ದಾಳೆ, ಪುಟ್ಟ ಮಗಳಿದ್ದಾಳೆ. ಅವರನ್ನು ಬಿಟ್ಟು ಅವನು ಕದಲುವವನಲ್ಲ.’ ನಿಮ್ಮ ಕಚೇರಿ ಆ ಮಾತನ್ನು ನಂಬಿತು. ನನ್ನನ್ನು ಕಂದಕಕ್ಕೆ ಕಳಿಸಲಿಲ್ಲ.

ನಾನೂ ಆ ಮಾತನ್ನು ಸುಳ್ಳು ಮಾಡಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಉತ್ತರದ ದಂಡು ನದಿಯ ಆಚೆ ದಡದವರೆಗೆ ಬಂತು. ಕೊಪ್ಪರಿಗೆಯ ಮುಂದೆ ಬೆವರು ಸುರಿಸುತ್ತಿದ್ದ ಈನಕ್ ಸೌಟನ್ನು ಕೆಳಗಿಟ್ಟು ನನ್ನ ಹತ್ತಿರ ಬಂದ.

"ನಡಿಯೋ, ಹೋಗೋಣ. ಹೊಳೆ ದಾಟಿದ್ರೆ ಸಾಕು, ಆಮೇಲೆ ಯಾವನಪ್ಪನ ಆಳೂ ಅಲ್ಲ ನಾವು."

"ಟೆಂಪಿಗೆ ಕೆಮ್ಮು ಕಣೋ. ವೀನಿ ಒಬ್ಳೇ ಆಗ್ತಾಳೆ."

"ಎತ್ಕೊಂಡು ಹೊರಡು."

"ಹೊಳೆ ತುಂಬಿದೆ. ಮಗೂನ ಹೆಂಗೆ ದಾಟಿಸ್ಲಿ?"

ಈನಕ್ ಹಣೆಯ ಬೆವರು ಒರೆಸಿಕೊಂಡ. ಆಮೇಲೆ, "ನಿನ್ನ ಕಾಲಿಗೆ ಯಾಕೆ ಸರಪಳಿ ಹಾಕಿಲ್ಲ ಗೊತ್ತಾ? ಮನೇಲಿ ಎರಡು ಇದಾವಲ್ಲ, ಅದಕ್ಕೆ" ಎಂದ. ನಕ್ಕೇ ಹೇಳಿದ. ನನ್ನ ಭುಜ ತಟ್ಟಿ, ಕಾಡಿನ ದಾರಿ ಹಿಡಿದು ಹೋದ. ಮತ್ತೆ ಬರಲಿಲ್ಲ. ಉತ್ತರದ ಯಾವುದೋ ಊರಿನಲ್ಲಿ ಚೆನ್ನಾಗಿದ್ದಾನೆ ಎನ್ನುತ್ತಾರೆ, ಇರಲಿ.

ಈಗ ನನಗೆ ಹೇಳಿ. ನಾನು ಓಡಿಹೋಗಬಾರದು ಎನ್ನುವಾಗ ನನಗಿದ್ದ ಹೆಂಡತಿ ಮಗಳು, ನಾನು ಮಗಳನ್ನು ಕೇಳುವಾಗ ಎಲ್ಲಿ ಹೋದರು? ಒತ್ತೆಯಿಡಲು ತಂದೆಯಾಗಿದ್ದವನು, ಸಾಕಲು ತಂದೆಯಲ್ಲವೇ? ಆ ಪತ್ರ ಸುಳ್ಳಾಗಿದ್ದರೆ ಯುದ್ಧಕಾಲದ ಸರ್ಕಾರಕ್ಕೆ ಸುಳ್ಳು ಬರೆದದ್ದಕ್ಕೆ ನ್ಯಾಯಾಧೀಶರನ್ನು ಕೇಳಿ. ನಿಜವಾಗಿದ್ದರೆ ನನ್ನ ಮಗಳನ್ನು ಕೊಡಿಸಿ. ಎರಡೂ ನಿಜ ಎಂದು ಮಾತ್ರ ಹೇಳಬೇಡಿ. ಅಷ್ಟು ದೊಡ್ಡ ವಿದ್ಯೆ ನಮ್ಮ ಚರ್ಚಿನ ಶಾಲೆಯಲ್ಲಿ ಇನ್ನೂ ಕಲಿಸಿಲ್ಲ.

ಮದುವೆಗೆ ದಾಖಲೆ ಇಲ್ಲ ಎಂಬುದು ನ್ಯಾಯಾಧೀಶರ ವಾದ. ನಿಜ, ಇಲ್ಲ. ಮಾರಾಟಕ್ಕಿದ್ದ ಜನಕ್ಕೆ ಮದುವೆಯ ದಾಖಲೆ ಯಾರು ಕೊಡುತ್ತಿದ್ದರು? ನಮ್ಮಲ್ಲಿ ಪೊರಕೆ ಹಾರುತ್ತಿದ್ದೆವು. ಧಣಿಯ ಮನೆಯ ಜಗಲಿಯ ಮುಂದೆ ಇಬ್ಬರು ಪೊರಕೆಯನ್ನು ಅಡ್ಡ ಹಿಡಿಯುತ್ತಾರೆ, ಹುಡುಗಿ ಹಾರುತ್ತಾಳೆ, ಹುಡುಗ ಹಾರುತ್ತಾನೆ, ಅಲ್ಲಿಗೆ ಮದುವೆ. ಯಾರ ಕಾಲು ಪೊರಕೆಗೆ ತಾಗುತ್ತದೋ ಅವರು ಜೀವನಪೂರ್ತಿ ಇನ್ನೊಬ್ಬರ ಮಾತು ಕೇಳಬೇಕು ಎಂದು ತಮಾಷೆ. ನಮ್ಮ ಮದುವೆಯ ದಿನ ಧಣಿಯ ಮನೆಗೆ ನೆಂಟರು ಬಂದಿದ್ದರು. ಪೊರಕೆಯ ಒಂದು ತುದಿಯನ್ನು ಅಡುಗೆಯ ಮುದುಕಿ ಹಿಡಿದಿದ್ದಳು. ಇನ್ನೊಂದು ತುದಿಯನ್ನು, ನಾನು ಹಿಡಿಯುತ್ತೇನೆ ಎಂದು ಉತ್ಸಾಹದಿಂದ ಇಳಿದು ಬಂದವರು ಒಬ್ಬ ಯುವ ವಕೀಲರು. ವೀನಿ ಜಿಂಕೆಮರಿಯ ಹಾಗೆ ಹಾರಿದಳು. ನಾನು ಹಾರುವ ಹೊತ್ತಿಗೆ ಸರಿಯಾಗಿ ವಕೀಲರು ತಮ್ಮ ತುದಿಯನ್ನು ಮೇಲಕ್ಕೆತ್ತಿದರು. ನಾನು ಮುಗ್ಗರಿಸಿ ಮೂಗು ಒಡೆದುಕೊಂಡೆ. ಜಗಲಿಯ ತುಂಬ ನಗು. ವೀನಿ ಬಂದು ನನ್ನ ಕೈ ಹಿಡಿದೆತ್ತಿ, "ಏಳು ಮಾರಾಯ, ಇನ್ಮೇಲೆ ನಾ ಹೇಳ್ದಂಗೆ ಕೇಳ್ಕೊಂಡು ಬಿದ್ದಿರು" ಎಂದಳು. ಹತ್ತು ವರ್ಷ ಹಾಗೆಯೇ ಕೇಳಿಕೊಂಡು ಬಿದ್ದಿದ್ದೆ, ಮಾನ್ಯರೇ. ಅಷ್ಟು ಸುಖವಾದ ದಿನಗಳು ನನಗೆ ಇನ್ನು ಬರುವುದಿಲ್ಲ.

ಆ ಯುವ ವಕೀಲರೇ ಇವತ್ತಿನ ನಮ್ಮ ನ್ಯಾಯಾಧೀಶರು.

ನಮ್ಮ ಹಳೆಯ ಮದುವೆಗಳಿಗೆ ಮಾನ್ಯತೆ ಕೊಡುವ ಕಾನೂನು ಆಮೇಲೆ ಬಂತು. ಗಂಡ ಹೆಂಡತಿ ಇಬ್ಬರೂ ಬಂದು ಹೇಳಿಕೆ ಕೊಡಬೇಕಂತೆ. ವೀನಿ ಆಗಲೇ ಮಣ್ಣು ಸೇರಿದ್ದಳು. ಅವಳನ್ನು ಎಬ್ಬಿಸಿ ಕರೆದುಕೊಂಡು ಬರುವ ವಿಧಾನವನ್ನು ಕಾನೂನಿನಲ್ಲಿ ಬರೆದಿರಲಿಲ್ಲ. ಆದ್ದರಿಂದ ಟೆಂಪಿಯ ವಿಚಾರಣೆಯ ದಿನ ನಾನೊಬ್ಬನೇ ಹೋಗಿ ನಿಂತೆ. ನ್ಯಾಯಾಧೀಶರು ಕೋಪಿಸಿಕೊಳ್ಳಲಿಲ್ಲ. ಬಹಳ ಮೃದುವಾಗಿಯೇ ಮಾತಾಡಿದರು.

"ಐಶಮ್, ನೀನು ಒಳ್ಳೆ ಆಳು ಕಣೋ, ನಂಗೊತ್ತು. ಆದ್ರೆ ಕೋರ್ಟಿಗೆ ಸಾಕ್ಷಿ ಬೇಕಲ್ಲ. ಮದ್ವೆ ಆಗಿದ್ದೆ ಅನ್ನೋಕೆ ಏನಿದೆ?"

"ಪೊರಕೆ ಹಾರಿದ್ವಿ ಸ್ವಾಮಿ. ಒಂದು ತುದಿ ತಾವೇ ಹಿಡ್ಕೊಂಡಿದ್ರಿ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರೂ ನಕ್ಕರು. ಕುರ್ಚಿಗೆ ಒರಗಿ ಹೇಳಿದರು: "ಅದೇ ಹೇಳ್ತೀಯಾದ್ರೆ, ನೀನು ಎಲ್ಲಿ ಹಾರ್ದೆ? ದೊಪ್ಪಂತ ಬಿದ್ಯಲ್ಲ. ನಿಮ್ಮ ಪೊರಕೆ ಲೆಕ್ಕದಲ್ಲೂ ಮದ್ವೆ ಆಗ್ಲಿಲ್ಲ ನೋಡು."

ಇಡೀ ಕೋರ್ಟು ನಕ್ಕಿತು. ಬೆಂಚಿನ ಮೇಲೆ ಕೂತಿದ್ದ ಟೆಂಪಿಯೂ, ದೊಡ್ಡವರೆಲ್ಲ ನಗುತ್ತಿದ್ದಾರೆ ಎಂದು, ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು. ಎಲ್ಲ ಸರಿಹೋಯಿತು ಎಂದುಕೊಂಡಿರಬೇಕು. ಆಮೇಲೆ ಲೇತ್ರಪ್ ಅವರ ಮೇಸ್ತ್ರಿ ಬಂದು ಅವಳ ಕೈ ಹಿಡಿದಾಗ ಅವಳು ಕೂಗಿದ ಕೂಗನ್ನು ಇಲ್ಲಿ ಬರೆಯಲು ನನಗೆ ಆಗುತ್ತಿಲ್ಲ.

ನೆನಪಿಲ್ಲ ಎಂದಿದ್ದರೆ ನಾನು ಹೇಗಾದರೂ ಸಹಿಸಿಕೊಳ್ಳುತ್ತಿದ್ದೆ. ವಯಸ್ಸಾಗುತ್ತದೆ, ಕೆಲಸದ ಹೊರೆ ಇರುತ್ತದೆ, ಮನುಷ್ಯರು ಮರೆಯುತ್ತಾರೆ. ಆದರೆ ಅವರಿಗೆ ಎಲ್ಲವೂ ನೆನಪಿದೆ. ನಾನು ಬಿದ್ದದ್ದು ನೆನಪಿದೆ. ಬೀಳಿಸಿದವರು ಯಾರು ಎಂಬುದೂ ನೆನಪಿರಲೇಬೇಕು. ಎಲ್ಲ ನೆನಪಿಟ್ಟುಕೊಂಡು, ಮನೆಗೆ ಹೋಗಿ ದೀಪ ಹಚ್ಚಿಕೊಂಡು, ಇವನಿಗೆ ಹೆಂಡತಿ ಇರಲಿಲ್ಲ ಎಂದು ನಿಮಗೆ ಬರೆಯುವುದಕ್ಕೆ ಎಂಥ ಎದೆ ಬೇಕು? ನಾನು ಎಷ್ಟು ಯೋಚಿಸಿದರೂ ಆ ಎದೆ ನನಗೆ ಅರ್ಥವಾಗುವುದಿಲ್ಲ.

ಮೆಟ್ಟಿಲ ಮೇಲೆ ಆ ಪತ್ರ ಓದಿದ್ದನ್ನು ಕೇಳಿದವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬರು, ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ಬಿಳಿಯ ಹೆಂಗಸು, ಆ ಚಳಿಗಾಲ ನನ್ನ ಗಾಡಿಯಿಂದಲೇ ಉಪ್ಪು ಒಯ್ದವರು. ಅವರ ಬಾಗಿಲಿಗೆ ಹೋಗಿ ಸಾಕ್ಷಿ ಹೇಳಿ ಎಂದು ಕೇಳಿದೆ. ಅವರು ಜೋಳದ ರೊಟ್ಟಿ ತಟ್ಟುತ್ತಿದ್ದ ಕೈಯನ್ನು ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ನಾನು ಕೇಳಿಲ್ಲ ಅನ್ನಲ್ಲ ಐಶಮ್. ನಿನ್ನ ವೀನಿ ನನ್ನ ಬಾಣಂತನ ಮಾಡಿದ್ಲು, ಸುಳ್ಳು ಹೇಳಿದ್ರೆ ದೇವ್ರು ಮೆಚ್ಚಲ್ಲ. ಆದ್ರೆ ನಮ್ಮಣ್ಣ ಜಡ್ಜರ ಹೊಲದಲ್ಲಿ ಗೇಯ್ತಾನೆ. ನಂಗೂ ಮೂರು ಮಕ್ಕಳಿದಾವೆ ಕಣಪ್ಪ." ಹೀಗೆ ಹೇಳಿ ಕಣ್ಣು ಒರೆಸಿಕೊಂಡರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಅವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ.

ಯುದ್ಧ ಗೆದ್ದು ಊರಿನಲ್ಲಿ ಬೀಡುಬಿಟ್ಟಿರುವ ಉತ್ತರದ ಸೇನೆಯ ಕ್ಯಾಪ್ಟನರ ಬಳಿಗೂ ಹೋದೆ. ಅದು ಕೋರ್ಟಿನ ವಿಷಯ ಎಂದರು. ಕೋರ್ಟಿನವರು ಅದು ಕಾನೂನಿನ ವಿಷಯ ಎಂದರು. ಪಾದ್ರಿಗಳು ದೇವರ ಚಿತ್ತ ಎಂದರು. ಇಷ್ಟೆಲ್ಲ ದೊಡ್ಡವರ ವಿಷಯವಾಗಿರುವ ಮಗು, ನನ್ನ ವಿಷಯ ಮಾತ್ರ ಅಲ್ಲವಂತೆ.

ಭಾನುವಾರ ಚರ್ಚು ಮುಗಿಸಿ ನಾನು ಲೇತ್ರಪ್ ಅವರ ಬೇಲಿಯವರೆಗೆ ನಡೆದು ಹೋಗುತ್ತೇನೆ. ಟೆಂಪಿಗೆ ಅಲ್ಲಿ ಕಲಿಸುತ್ತಿರುವ ಮನೆಗೆಲಸವೆಂದರೆ, ಅವರು ಊಟಕ್ಕೆ ಕೂತಾಗ ಪಕ್ಕದಲ್ಲಿ ನಿಂತು ನವಿಲುಗರಿಯಿಂದ ನೊಣ ಓಡಿಸುವುದು. ಮೊದಲ ಸಲ ಹೋದಾಗ ಅವಳು ಅಂಗಳ ದಾಟಿ ಬಂದು, ಗಟ್ಟಿಯಾಗಿ, "ಏನು ಐಶಮ್ ಮಾಮ?" ಎಂದಳು. ಬಿಳಿಯರು ನಮ್ಮಲ್ಲಿ ವಯಸ್ಸಾದ ಗಂಡಸರನ್ನೆಲ್ಲ ಹಾಗೆ ಕರೆಯುತ್ತಾರೆ, ‘ಮಿಸ್ಟರ್’ ಎಂಬ ಮರ್ಯಾದೆಯ ಪದ ಬಳಸಬೇಕಾದೀತೆಂದು. ನನ್ನ ಮುಖ ನೋಡಿ ಅವಳು ದನಿ ತಗ್ಗಿಸಿ ಪಿಸುಗುಟ್ಟಿದಳು: "ಅಪ್ಪ, ಅಮ್ಮಾವ್ರು ಕಿಟಕೀಲಿ ನೋಡ್ತಿದಾರೆ. ಹಂಗೆ ಕರೆದ್ರೆ ಮಾತ್ರ ಬೇಲಿ ಹತ್ರ ಬಿಡ್ತಾರೆ. ನೀನು ಅಳ್ಬೇಡ." ನಾನು ಅಳಲಿಲ್ಲ. ಎಂಥ ಜಾಣೆ, ಅಮ್ಮನ ಹಾಗೆಯೇ ಎಂದುಕೊಂಡು ಮನೆಗೆ ಬಂದೆ.

ಕಳೆದ ಭಾನುವಾರ ಹೋದಾಗ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಹೊರಗೆ ಹೋಗಿದ್ದರು. ಅಂಗಳದಲ್ಲಿ ಅವಳು ಒಬ್ಬಳೇ ಬಟಾಣಿ ಸುಲಿಯುತ್ತ ಕೂತಿದ್ದಳು. ನನ್ನನ್ನು ಕಂಡು ಬೇಲಿಯ ಹತ್ತಿರ ಬಂದಳು. ಎತ್ತರವಾಗಿದ್ದಾಳೆ. ನಾನು ತಂದಿದ್ದ ಸಿಹಿಗೆಣಸನ್ನು ತೆಗೆದುಕೊಂಡು, ಅಲ್ಲೇ ನಿಂತು ತಿಂದಳು. ತಿಂದು ಮುಗಿಸಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು, "ಬರ್ತೀನಿ ಐಶಮ್ ಮಾಮ" ಎಂದಳು. ನಾನು ಕಾದು ನಿಂತೆ. ಅವಳು ದನಿ ತಗ್ಗಿಸಿ ಇನ್ನೇನೂ ಹೇಳಲಿಲ್ಲ. ಹೋಗಿ ಬಟಾಣಿ ಸುಲಿಯತೊಡಗಿದಳು.

ಮಾನ್ಯರೇ, ಬಿಡುಗಡೆಯಾದವರಿಗೆ ಸರ್ಕಾರ ಕೊಡುತ್ತದೆ ಎಂದು ಜನ ಆಡಿಕೊಳ್ಳುವ ಹೊಲ ನನಗೆ ಬೇಡ, ಹೇಸರಗತ್ತೆ ಬೇಡ, ನ್ಯಾಯಾಧೀಶರಿಗೆ ಶಿಕ್ಷೆಯಾಗಬೇಕೆಂಬ ಆಸೆಯೂ ಇಲ್ಲ. ನಿಮ್ಮ ಕಪಾಟಿನಿಂದ ಯುದ್ಧಕಾಲದ ಆ ಪತ್ರವನ್ನು ತೆಗೆಸಿ, ಮೊನ್ನೆ ಬಂದ ಪತ್ರದ ಪಕ್ಕದಲ್ಲಿಟ್ಟು ನೀವೇ ಒಮ್ಮೆ ಓದಿ. ಆಮೇಲೆ ನನ್ನ ಮಗಳನ್ನು ಮನೆಗೆ ಕಳಿಸಿ ಎಂದು ಒಂದು ಸಾಲು ಬರೆಯಿರಿ. ಬೇಗ ಬರೆಯಿರಿ. ಅವಳು ನನ್ನನ್ನು ಪೂರ್ತಿ ಮರೆತ ಮೇಲೆ ನಿಮ್ಮ ಅಪ್ಪಣೆ ಬಂದರೆ, ಅವಳು ಬರುವುದು ಯಾವುದೋ ಮಾಮನ ಮನೆಗೆ.

ಇಂತಿ,
ನಿಮ್ಮ ಕಚೇರಿಗೆ ಬರೆದುಕೊಟ್ಟಂತೆ
ಹೆಂಡತಿ ಮಗಳನ್ನು ಬಿಟ್ಟು ಎಲ್ಲಿಗೂ ಓಡಿಹೋಗದೆ ಉಳಿದ
ಐಶಮ್,
ಪೆಂಡಲ್ ಕೌಂಟಿ