ಟಿ.ವಿ.ಯಲ್ಲಿ ನಿನ್ನ ಕೈ

ಅಥಣಿ
೧೨ ಜುಲೈ ೨೦೨೫

ಪ್ರೀತಿಯ ತಮ್ಮ ಸಿದ್ದಲಿಂಗ,

ಹಿರಿಯವನಾಗಿ ನಿನಗೆ ಆಶೀರ್ವಾದ ಬರೆಯಬೇಕೋ, ನಮ್ಮ ಓಣಿಯ ಮಠದ ಅಯ್ಯನವರೆಂದು ಶರಣು ಬರೆಯಬೇಕೋ ತಿಳಿಯದೆ ಎರಡನ್ನೂ ಕಳಿಸಿದ್ದೇನೆ, ಬೇಕಾದ್ದನ್ನು ಇಟ್ಟುಕೋ. ಆರೋಗ್ಯ ಹೇಗಿದೆ? ಶೂಟಿಂಗಿನವರ ಊಟದಲ್ಲಿ ಎಣ್ಣೆ ಹೆಚ್ಚು ಎಂದಿದ್ದೆಯಂತೆ, ಹೊಟ್ಟೆ ನೋಡಿಕೋ. ಧಾರವಾಡದ ಮಳೆಯಲ್ಲಿ ತೊಯ್ಯಬೇಡ. ‘ಎಂದಿದ್ದೆಯಂತೆ’ ಎಂದು ಯಾಕೆ ಬರೆದೆನೆಂದರೆ, ನಿನ್ನ ಫೋನು ಬಂದರೆ ಅವ್ವ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಮಾತಾಡುತ್ತಾಳೆ. ಕಡೆಗೆ ನನಗೆ ಸಿಗುವುದು ಬಿಸಿಯಾದ ಫೋನು ಮಾತ್ರ.

ನಾವೆಲ್ಲ ಕ್ಷೇಮ. ಕಬ್ಬಿನ ಹಂಗಾಮು ಇನ್ನೂ ದೂರ, ಟ್ರ್ಯಾಲಿಗಳು ನಿಂತಲ್ಲೇ ನಿಂತಿವೆ, ನನ್ನ ಟೈರಿನ ಅಂಗಡಿಯಲ್ಲಿ ನೊಣಗಳಿಗೂ ಪುರುಸೊತ್ತು. ಈ ಕಾಗದ ಬರೆಯಿಸುತ್ತಿರುವವಳು ಅವ್ವ. “ಫೋನಿನಾಗ ನಾ ಕೇಳಿದ್ರ ಹೂಂ ಅಂತಾನ, ಬರೂದಿಲ್ಲ. ಹಿರ್ಯಾ ನೀ, ಶ್ರಾವಣಕ್ಕ ಮನಿಗೆ ಬಾ ಅಂತ ಕಾಗದಾ ಬರಿ. ಚಲೋತ್ನಂಗ ಬರಿ, ನಿನ್ನಂಗ ಬರಿಬ್ಯಾಡ” ಎಂದಳು. ನಾನು ಹಿರಿಯವನೆಂಬುದು ಇಂಥ ಕೆಲಸ ಬಂದಾಗ ಅವಳಿಗೆ ತಪ್ಪದೆ ನೆನಪಾಗುತ್ತದೆ.

ಮೊದಲು ನಿಮ್ಮ ಸೀರಿಯಲ್ಲಿನ ವಿಷಯ. ಅಯ್ಯನವರ ಮನೆತನದ ಕಥೆ, ಪೂಜೆಯ ರೀತಿ ತಪ್ಪಬಾರದು, ಹೇಳಿಕೊಡಲು ಬನ್ನಿ ಎಂದು ನಿನ್ನನ್ನು ಕರೆದೊಯ್ದರು. ಅಲ್ಲಿಯವರೆಗೆ ನನಗೂ ಹೆಮ್ಮೆಯೇ. ಆಮೇಲೆ ಆ ನಟನ ಬೆರಳಿಗೆ ಇಷ್ಟಲಿಂಗ ಹಿಡಿಯಲು ಬರಲಿಲ್ಲವೆಂದು, ಕ್ಯಾಮೆರಾ ಹತ್ತಿರ ಬಂದಾಗಲೆಲ್ಲ ನಿನ್ನ ಕೈ ತೋರಿಸತೊಡಗಿದರು. ಮುಖ ಅವನದು, ಕೈ ನಿನ್ನದು. ಸಂಜೆಯಾದರೆ ಅವ್ವ ಟಿ.ವಿ.ಯ ಮುಂದೆ ಮಣೆ ಹಾಕಿಕೊಂಡು ಕೂಡುತ್ತಾಳೆ. ಅಂಗೈಯ ಮೇಲೆ ಲಿಂಗ, ಬೆರಳ ತುದಿಯಲ್ಲಿ ಪತ್ರಿ ಕಂಡದ್ದೇ ತಡ, “ನನ್ನ ಕೂಸಿನ ಕೈ ನೋಡ ಬೇ” ಎಂದು ನೆರೆಮನೆಯ ತುಳಸವ್ವನನ್ನು ಮೊಣಕೈಯಿಂದ ತಿವಿದು ಕೈಮುಗಿಯುತ್ತಾಳೆ. ತುಳಸವ್ವನೂ ಮುಗಿಯುತ್ತಾಳೆ. ನಾನು ಅಲ್ಲೇ ಪಕ್ಕದಲ್ಲಿ, ಮುಖವೂ ಕೈಯೂ ಒಂದೇ ಮೈಗೆ ಅಂಟಿಕೊಂಡು, ಇಡಿಯಾಗಿ ಕೂತಿರುತ್ತೇನೆ. ಯಾರೂ ತಿರುಗಿ ನೋಡುವುದಿಲ್ಲ.

ಕೈ ಹೋಗಲಿ. ಆ ಕಥೆಯಲ್ಲಿನ ಅಣ್ಣ ಯಾರಪ್ಪ? ಅಯ್ಯನವರ ಮನೆಯಲ್ಲಿ ಹುಟ್ಟಿ ಜೋಳಿಗೆ ಬೇಡವೆಂದು ದಂಧೆಗೆ ಇಳಿದವನು, ದೇವರಿಲ್ಲ ಎನ್ನುವವನು, ಮಠ ಕೆಡವಿ ಮಳಿಗೆ ಕಟ್ಟಿಸುತ್ತೇನೆಂದು ತಾಯಿಯ ಎದುರಿಗೇ ತಮ್ಮನ ಮೇಲೆ ಏರಿಹೋಗುವವನು. ಇಂಥವರು ಎಲ್ಲ ಊರಲ್ಲೂ ಇರುತ್ತಾರೆ ಅನ್ನು, ಒಪ್ಪಿದೆ. ಆದರೆ ಮಾತು ಮುಗಿಸುವಾಗ ಅವನು “ಯವ್ವಾರ ಯವ್ವಾರದಾಗಿರ್ಲಿ” ಎಂದು ಹೆಗಲ ಟವೆಲ್ ಕೊಡವುತ್ತಾನಲ್ಲ, ಅದು ಯಾರ ಅಂಗಡಿಯ ಸರಕು? ಬೇಕಾದರೆ ನಾಲ್ಕು ಟೈರ್ ಒಯ್ಯಬೇಕಿತ್ತು, ನನ್ನನ್ನೇ ಒಯ್ದು ಕೊಟ್ಟೆಯಲ್ಲೋ. ದೇವರಿಲ್ಲ ಎಂದು ನಾನು ಯಾವತ್ತೂ ಅಂದಿಲ್ಲ. ಪೂಜೆಗೆ ಕೂಡು ಎಂದಾಗ ಬೆಳಿಗ್ಗೆ ಅಂಗಡಿ ತೆಗೆಯಬೇಕು ಅಂದಿದ್ದೆ, ಅಷ್ಟೇ. ಈಗ ಚಹಾದಂಗಡಿಯ ಲಗಮಣ್ಣ ದಿನಾ ಕೇಳುತ್ತಾನೆ: “ಏನ್ರಿ ಅಯ್ಯಾರ, ಮಠ ಯಾವಾಗ ಕೆಡವ್ತೀರಿ? ಮೂಲ್ಯಾಗಿನ ಮಳಿಗಿ ನನಗ ಇಡ್ರಿ.” ಕೂತವರೆಲ್ಲ ನಗುತ್ತಾರೆ. ಅವ್ವ ನಗುವುದಿಲ್ಲ. ಮೊನ್ನೆ ಆ ಅಣ್ಣ ತಮ್ಮನನ್ನು ದೂಡಿದ ದಿನ ಅವಳು ನನ್ನ ತಾಟಿಗೆ ರೊಟ್ಟಿ ಹಾಕಿ ಎಣ್ಣೆಗಾಯಿ ನೀಡದೆ ಹೋದಳು. ನಿನ್ನ ವೈನಿ ಶೈಲಾ ಕೇಳಿದ್ದಕ್ಕೆ, “ತಮ್ಮನ್ನ ದೂಡಾಂವಗ ಯಾಕ ಬೇಕ ಪಲ್ಯಾ?” ಎಂದಳು.

ನಿನಗೆ ಗೊತ್ತೇ ಇದೆ, ಅಯ್ಯನವರು ಪೂಜೆ ಮಾಡಿ ಕೊಟ್ಟ ಪಾದೋದಕ ತಗೊಳ್ಳದೆ ಅವ್ವ ತುತ್ತು ಮುಟ್ಟುವವಳಲ್ಲ. ನೀನಿದ್ದಾಗ ನೀನು ಕೊಡುತ್ತಿದ್ದೆ. ಹೆತ್ತ ಮಗನ ಎದುರು ಬಾಗಿ ಅಂಗೈ ಒಡ್ಡುತ್ತಿದ್ದಳು. ನೀನು ಹೋದ ಮೇಲೆ ಹಿಂದಿನ ಓಣಿಯ ಮುರಗಯ್ಯನವರು ದಿನಾ ಬರುತ್ತಿದ್ದರು. ನಿನ್ನಂತೆ ನನಗೂ ಅಯ್ಯಾಚಾರದ ದೀಕ್ಷೆ ಆಗಿದೆ, ನಾನೂ ಚಿಕ್ಕವನಿದ್ದಾಗ ಜೋಳಿಗೆ ಹಾಕಿಕೊಂಡು ಇದೇ ಓಣಿಯಲ್ಲಿ ಭಿಕ್ಷೆಗೆ ಹೋಗಿದ್ದೇನೆ. ಆದರೆ ನಾನು ಕೊಡುತ್ತೇನೆ ಎಂದರೆ, “ನಿನ್ನ ಉಗರಾಗ ಟೈರ್ ಐತಿ” ಅನ್ನುತ್ತಿದ್ದಳು.

ಸೋಮವಾರ ಮುರಗಯ್ಯನವರು ಯಾರೋ ತೀರಿಕೊಂಡರೆಂದು ಹಾರೂಗೇರಿಗೆ ಹೋದವರು ಬರಲೇ ಇಲ್ಲ. ಅವ್ವ ಉಪವಾಸ ಕೂತಳು. “ಸಂಜಿಕೆ ಟಿ.ವಿ.ಯಾಗ ಅವನ ಪೂಜಿ ನೋಡಿ ಉಣ್ತೇನಿ” ಎಂದಳು. ಸಂಜೆ ನೋಡಿದರೆ ಅವತ್ತಿನ ಕಂತು ಪೂರಾ ಕೋರ್ಟಿನಲ್ಲಿ! ವಕೀಲರು ಕೂಗಾಡಿದರು, ಸಾಬೂನಿನ ಜಾಹೀರಾತು ಬಂತು, ಹೆಸರುಗಳು ಹರಿದುಹೋದವು, ನಿನ್ನ ಕೈ ಬರಲಿಲ್ಲ. ಅವ್ವ ಏಳಲು ಹೋಗಿ ತಲೆ ತಿರುಗಿ ಗೋಡೆ ಹಿಡಿದಳು. “ನೋಡ್ಕೋತ ನಿಂತೀರಲ್ಲ, ಜಳಕಾ ಮಾಡ್ ನಡೀರಿ” ಎಂದು ಶೈಲಾ ನನ್ನನ್ನು ಬಚ್ಚಲಿಗೆ ನೂಕಿದಳು.

ನಿಂಬೆಹಣ್ಣು, ಬೂದಿ, ಡೀಸೆಲ್ ಎಲ್ಲ ಹಾಕಿ ಉಗುರು ತಿಕ್ಕಿದೆ. ಮಡಿ ಉಟ್ಟು ಕೂತೆ. ಮಂತ್ರ ಒಂದೂ ಮರೆತಿರಲಿಲ್ಲ, ನನಗೇ ಆಶ್ಚರ್ಯ. ಪೂಜೆ ಮುಗಿದ ಮೇಲೆ ಅವ್ವ ಮೆಲ್ಲಗೆ ಬಂದು ಬಾಗಿ ಅಂಗೈ ಒಡ್ಡಿದಳು. ಅದು ಎಷ್ಟು ಸಣ್ಣ ಕೈ ಎಂದು ನೀನು ನನಗೆ ಯಾವತ್ತೂ ಹೇಳಿರಲಿಲ್ಲ. ಕುಡಿದು, ಕಣ್ಣಿಗೆ ಒತ್ತಿಕೊಂಡು, ನನ್ನ ಕೈಯನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. “ಥೇಟ್ ಸಿದ್ದಲಿಂಗನ ಕೈ ಇದ್ದಂಗ ಅದಾವಲ್ಲೊ” ಎಂದಳು.

ನಿನಗಿಂತ ಆರು ವರ್ಷ ಮೊದಲು ಹುಟ್ಟಿದವನು ನಾನು. ನಿನ್ನ ಕೈ ನನ್ನಂತಿರಬೇಕು, ನನ್ನದು ನಿನ್ನಂತಲ್ಲ. ಈ ತಕರಾರನ್ನು ಯಾರ ಮುಂದೆ ಇಡಲಿ? ಅವತ್ತು ಬಾಯಿಬಿಡಲಿಲ್ಲ, ಅವ್ವ ಉಣ್ಣುತ್ತಿದ್ದಳು. ಮರುದಿನ ಮುರಗಯ್ಯನವರು ಬಾಗಿಲಿಗೆ ಬಂದರೆ, “ಮನ್ಯಾಗ ಅಯ್ಯ ಅದಾನ್ರಿ” ಎಂದು ಚಹಾ ಕೊಟ್ಟು ಕಳಿಸಿದಳು.

ಅವ್ವ ಹೇಳಿದ್ದು ಇಷ್ಟು: ಶ್ರಾವಣಕ್ಕೆ ಬಾ, ಬರುವಾಗ ಫೇಡೆ ತಾ, ದಿನಾ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೋ. ಶೈಲಾ ನಿನ್ನನ್ನು ಕೇಳಿದ್ದಾಳೆ. ಮೈ ಗಟ್ಟಿಯಾಗಿಟ್ಟುಕೊಂಡು ಸುಖವಾಗಿರು.

ನಿನ್ನ ಅಣ್ಣ,
ಅಡಿವೆಯ್ಯ

ತಾ.ಕ.: ಬಾ ಎಂಬುದು ಅವ್ವನ ಮಾತು, ಬರೆದಿದ್ದೇನೆ. ಲಕೋಟೆ ಅಂಟಿಸುವ ಮೊದಲು ನನ್ನದೊಂದು ಮಾತು: ಬರಬೇಡ. ಸೀರಿಯಲ್ಲಿನವರು ಇನ್ನಷ್ಟು ದಿನ ಇರಿ ಎಂದರೆ ಹೂಂ ಅಂದುಬಿಡು. ನೀನು ಹೊಸ್ತಿಲು ದಾಟಿದ ಮರುಗಳಿಗೆ ಅವಳು ನಿನ್ನ ಮುಂದೆ ಅಂಗೈ ಒಡ್ಡಿ ನಿಲ್ಲುತ್ತಾಳೆ, ಅದು ನಿನಗೂ ಗೊತ್ತು, ನನಗೂ ಗೊತ್ತು. ಆ ಭಾಗ್ಯ ನೀನು ಇಷ್ಟು ವರ್ಷ ಉಂಡಿದ್ದೀಯಲ್ಲೋ, ಶ್ರಾವಣದ ಸೋಮವಾರಗಳನ್ನಷ್ಟು ನನಗೆ ಬಿಡು. ಅವ್ವ ಫೋನಿನಲ್ಲಿ ಅತ್ತರೆ ತಪ್ಪನ್ನು ಕ್ಯಾಮೆರಾದವರ ಮೇಲೆ ಹಾಕು.