ಕೆಂಪು ಟೇಪಿನ ಸಾಲುಗಳು

ಹಳೇಬೀಡು,
12-12-2024, ಗುರುವಾರ, ಬೆಳಿಗ್ಗೆ ಆರು ಗಂಟೆ

ಚಿರಂಜೀವಿ ಅಕ್ಷಯಾಗೆ ಅಮ್ಮ ಮಾಡುವ ಆಶೀರ್ವಾದಗಳು. ಜಯ ಜಿನೇಂದ್ರ.

ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿನ್ನ ಅಪ್ಪ ಕ್ಷೇಮ. ನನ್ನ ವಿಷಯ ಕೆಳಗೆ ಬರೆದಿದ್ದೇನೆ.

ಅಪ್ಪ ಏಳೂವರೆ ಬಸ್ಸಿಗೆ ಹೊರಡುತ್ತಾರೆ. ಜಾವಗಲ್ ದಾಟಿ ಅರಸೀಕೆರೆ ಮುಟ್ಟಿ, ಅಲ್ಲಿಂದ ಆಟೋ ಹಿಡಿದು ನಿನ್ನ ಸಂಶೋಧನಾ ಕೇಂದ್ರಕ್ಕೆ ಬರುವಷ್ಟರಲ್ಲಿ ಹತ್ತು ಗಂಟೆಯಾದರೂ ಆಗುತ್ತದೆ. ಹನ್ನೊಂದಕ್ಕೆ ನಿನ್ನ ಸಭೆ. ಈ ಕವರನ್ನು ಅವರು ಕೊಟ್ಟ ತಕ್ಷಣ ಒಡೆದು ಓದು. ಆಮೇಲೆ ನೋಡೋಣ ಎಂದು ಬ್ಯಾಗಿಗೆ ಹಾಕಬೇಡ. ಒಳಗೆ ಏನಿದೆ ಎಂಬುದು ಅವರಿಗೆ ಗೊತ್ತಿಲ್ಲ. ಮಗಳು ವೇದಿಕೆ ಹತ್ತುವುದನ್ನು ನೋಡಬೇಕೆಂದು ಹೊಸ ಪಂಚೆ ಉಟ್ಟು, ಐದೂವರೆಯಿಂದಲೇ ಕನ್ನಡಿಯ ಮುಂದೆ ನಿಂತಿದ್ದಾರೆ. ನಿನ್ನ ಬದನೆ ತಳಿ ಇವತ್ತು ಒಪ್ಪಿಗೆಯಾಗುತ್ತದೆ ಎಂದು ನಿನ್ನ ಅಪ್ಪ ಸುಮತಿಕುಮಾರರು ಹೇಳದ ಮನೆ ಈ ಬೀದಿಯಲ್ಲಿ ಉಳಿದಿಲ್ಲ.

ನಿನ್ನೆ ನಾನು ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ನೀನು ಸ್ಲೈಡು ಮಾಡುತ್ತಿದ್ದೆ. ಎರಡನೆಯ ಸಲ ನಿಮ್ಮ ಮೇಲಧಿಕಾರಿ ಮೋಹನ್‌ಕುಮಾರ್ ಸಾಹೇಬರು ಪಕ್ಕದಲ್ಲಿದ್ದರು. ಮೂರನೆಯ ಸಲ ನೀನು, ‘ಈಗ ಹೇಳಮ್ಮ, ಏನು?’ ಎಂದೆ. ನಾನು ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಮೂವತ್ತೊಂದು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮಕ್ಕಳನ್ನು ಗದರಿಸಿದ ಬಾಯಿ ನನ್ನದು, ನಿನ್ನ ಮುಂದೆ ಕಟ್ಟಿಹೋಯಿತು. ಅದಕ್ಕೇ ಈ ಕಾಗದ.

ನಮ್ಮ ಮನೆಯ ಒಲೆಯ ಮೇಲೆ ಇಂದಿನವರೆಗೆ ಬದನೆಕಾಯಿ ಬೆಂದಿಲ್ಲ. ಬೀಜವೂ ಬಹಳ, ಹುಳವೂ ಬಹಳ ಎಂದು ನಿಮ್ಮಜ್ಜಿ ಅದನ್ನು ಅಂಗಳಕ್ಕೂ ಸೇರಿಸುತ್ತಿರಲಿಲ್ಲ. ಅಂಥ ಮನೆಯ ಹುಡುಗಿ ಬದನೆಯ ಮೇಲೆಯೇ ಡಾಕ್ಟರೇಟ್ ಮಾಡಿದಾಗ ಬಸದಿಯಲ್ಲಿ ಹೆಂಗಸರು ನನ್ನನ್ನು ಸುಮ್ಮನೆ ಬಿಡಲಿಲ್ಲ. ‘ನಿಮ್ಮ ಮಗಳಿಗೆ ಬೇರೆ ತರಕಾರಿ ಸಿಗಲಿಲ್ವೇನ್ರೀ ಚಂದ್ರಮತಿ?’ ಎಂದು ನಕ್ಕರು. ನನಗೆ ಅಳುವೇ ಬಂದಿತ್ತು. ನೀನು ಆಗ ಹೇಳಿದ ಮಾತು ನೆನಪಿದೆಯೇ? ಬದನೆಗೆ ಜನ ವಾರಕ್ಕೆ ಎರಡೆರಡು ಸಲ ಔಷಧಿ ಹೊಡೆಯುತ್ತಾರೆ, ಹುಳ ತಾನಾಗಿ ದೂರ ನಿಲ್ಲುವ ತಳಿ ಸಿಕ್ಕರೆ ಎಷ್ಟು ಜೀವ ಉಳಿಯುತ್ತದೆ ಯೋಚನೆ ಮಾಡಮ್ಮ ಎಂದಿದ್ದೆ. ಅವತ್ತಿನಿಂದ ನಾನು ಯಾರಿಗೂ ತಲೆ ತಗ್ಗಿಸಲಿಲ್ಲ.

ಈ ವರ್ಷ ರೈತರ ಹೊಲದಲ್ಲಿ ಪ್ರಯೋಗವಾಗಬೇಕೆಂದು ನೀನು ಎರಡು ಜಾಗ ಆರಿಸಿದೆ. ಒಂದು ಜಾವಗಲ್ಲಿನ ದೇವೀರಪ್ಪನವರ ಹೊಲ, ಇನ್ನೊಂದು ನಮ್ಮದು. ಸ್ವಂತ ಜಮೀನು ಬೇಡ ಎಂದು ಮೋಹನ್‌ಕುಮಾರ್ ಅಂದಿದ್ದರಂತೆ. ನಮ್ಮಮ್ಮ ಒಂದು ಇರುವೆಯನ್ನೂ ಕೊಲ್ಲುವವಳಲ್ಲ, ಕದ್ದು ಔಷಧಿ ಹೊಡೆಯುವ ಭಯವಿಲ್ಲ, ಅದಕ್ಕಿಂತ ನಂಬಿಕೆಯ ಹೊಲ ಎಲ್ಲಿ ಸಿಗುತ್ತದೆ ಎಂದು ನೀನು ಅವರ ಬಾಯಿ ಮುಚ್ಚಿಸಿದೆ. ಅದನ್ನು ನನಗೆ ಹೇಳುವಾಗ ನೀನು ನಗುತ್ತಿದ್ದೆ.

ಇಪ್ಪತ್ತನಾಲ್ಕು ಸಾಲು. ಹನ್ನೆರಡಕ್ಕೆ ಕೆಂಪು ಟೇಪಿನ ಗೂಟ, ಹನ್ನೆರಡಕ್ಕೆ ನೀಲಿ ಟೇಪಿನ ಗೂಟ. ಒಂದು ನಿನ್ನ ತಳಿ, ಇನ್ನೊಂದು ಊರಲ್ಲಿ ಎಲ್ಲರೂ ಬೆಳೆಯುವ ತಳಿ. ಯಾವ ಬಣ್ಣ ಯಾವುದು ಎಂದು ಮಾತ್ರ ನೀನು ಹೇಳಲಿಲ್ಲ. ಹೇಳಿದರೆ ನಿನ್ನ ಕೈ ಒಂದು ಕಡೆಗೆ ವಾಲುತ್ತದಮ್ಮ ಎಂದೆ. ನೀರು ಬಿಡು, ಕಳೆ ಕೀಳು, ಉಳಿದದ್ದು ಮುಟ್ಟಬೇಡ. ಅಷ್ಟೇ ನೀನು ನನಗೆ ಹೇಳಿದ ಕೆಲಸ.

ಮುಟ್ಟಿದೆ ಮಗಳೇ.

ಆಗಸ್ಟಿನಲ್ಲಿ ಕುಡಿಗಳು ಬಾಡಿ ತಲೆ ತಗ್ಗಿಸತೊಡಗಿದವು. ಅವುಗಳಲ್ಲಿ ಹುಳ ಇರುತ್ತದೆ ಎಂದು ನೀನೇ ಸೀಳಿ ತೋರಿಸಿದ್ದೆ. ಗುಲಾಬಿ ಬಣ್ಣದ ಮೈ, ಚಿಕ್ಕ ತಲೆ. ಎಣಿಸಿದ ಮೇಲೆ ಆ ಕುಡಿಗಳನ್ನು ಸೀಸೆಗೆ ಹಾಕಿ ಸ್ಪಿರಿಟ್ ಸುರಿದೆಯಲ್ಲ, ಅವು ಹೊರಳಿದ್ದು ನನ್ನ ಕಣ್ಣಿಗೆ ಕಟ್ಟಿತು. ದಶಲಕ್ಷಣ ಪರ್ವ ಹತ್ತಿರ ಬಂದಿತ್ತು. ಹತ್ತು ದಿನ ನೀರನ್ನೂ ಸೋಸಿ ಸೋಸಿ ಕುಡಿದು, ನನ್ನದೇ ಹೊಲದಲ್ಲಿ ಹುಳಗಳನ್ನು ಸೀಸೆಗೆ ಒಪ್ಪಿಸಲೇ ಎಂದು ಸಂಕಟವಾಯಿತು. ಮಾರನೆಯ ದಿನ ಬೆಳಕು ಹರಿಯುತ್ತಲೇ ಮೊರ ಹಿಡಿದು ಹೋದೆ. ಬಾಡಿದ ಕುಡಿಗಳನ್ನು ಉಗುರಿನಿಂದ ಚಿವುಟಿ, ತೂತು ಬಿದ್ದ ಎಳೆಗಾಯಿಗಳನ್ನೂ ಕಿತ್ತು, ಕೆರೆ ಏರಿಯ ಕೆಳಗಿನ ಕಾಡುಬದನೆ ಗಿಡಗಳ ಬುಡಕ್ಕೆ ಬಿಟ್ಟು ಬಂದೆ. ಎಲ್ಲಾದರೂ ಬದುಕಿಕೊಳ್ಳಲಿ ಎಂದು. ಪರ್ವ ಮುಗಿದರೂ ನಾನು ನಿಲ್ಲಿಸಲಿಲ್ಲ. ನವೆಂಬರಿನ ಕೊನೆಯವರೆಗೂ ಹೋದೆ.

ಒಂದು ಬುಧವಾರ ನೀನು ಎಣಿಸಲು ಬಂದಾಗ ಚಿವುಟಿದ ಗುರುತು ಕಂಡು, ಇದು ಯಾರು ಮಾಡಿದ್ದು ಎಂದು ಕೇಳಿದೆ. ಮೇಕೆ ನುಗ್ಗಿತ್ತು ಎಂದೆ. ಮೇಕೆಯಲ್ಲ, ನಾನು. ಅವತ್ತು ಪರ್ವದಲ್ಲಿ ಸತ್ಯಕ್ಕೆಂದೇ ಮೀಸಲಾದ ದಿನ, ಬಸದಿಯಲ್ಲಿ ಉತ್ತಮ ಸತ್ಯದ ಪೂಜೆ ಮುಗಿಸಿ, ಪ್ರಸಾದ ಹಿಡಿದುಕೊಂಡೇ ಬಂದಿದ್ದೆ. ಆ ಪ್ರಸಾದವನ್ನು ಕೈಯಲ್ಲಿಟ್ಟುಕೊಂಡು ನಿನಗೆ ಸುಳ್ಳು ಹೇಳಿದೆ. ಪರ್ವದ ಕೊನೆಗೆ ಕ್ಷಮಾವಾಣಿಯ ದಿನ ಊರಿಗೆಲ್ಲ ಕೈ ಮುಗಿದು ಕ್ಷಮೆ ಕೇಳಿದೆ, ಮಾತು ಬಿಟ್ಟಿದ್ದ ಅರುಣಾಳನ್ನೂ ಹುಡುಕಿಕೊಂಡು ಹೋಗಿ ಕೇಳಿದೆ. ನಿನಗೆ ಫೋನ್ ಮಾಡಲು ಮಾತ್ರ ಕೈ ಬರಲಿಲ್ಲ.

ಇಷ್ಟು ದಿನ ಸುಮ್ಮನಿದ್ದವಳು ಈಗೇಕೆ ಬಾಯಿ ಬಿಡುತ್ತಿದ್ದೇನೆ ಎಂದು ನೀನು ಕೇಳುತ್ತೀಯ. ಮೊನ್ನೆ ಭಾನುವಾರ ದೇವೀರಪ್ಪನವರು ಮನೆಗೆ ಬಂದಿದ್ದರು. ಕೈಯಲ್ಲಿ ಬದನೆಕಾಯಿ ತುಂಬಿದ ಚೀಲ. ಈ ಮನೆಯವರು ಬದನೆ ಒಳಗೆ ತರುವುದಿಲ್ಲ ಎಂದು ಯಾರೋ ಹೇಳಿದ್ದಾರೆ ಪಾಪ, ಕರೆದರೂ ಹೊಸ್ತಿಲು ದಾಟಲಿಲ್ಲ. ಜಗಲಿಯ ಮೇಲೆ ಕುಳಿತು ಒಂದೊಂದೇ ಕಾಯಿ ಕೊಯ್ದು ತೋರಿಸಿದರು. ಎಲ್ಲದರಲ್ಲೂ ಹುಳ. ಕೆಂಪು ಟೇಪಿನ ಸಾಲಿನದೂ ಅಷ್ಟೇ, ನೀಲಿ ಟೇಪಿನದೂ ಅಷ್ಟೇ.

‘ನಾನು ಜಗಳಕ್ಕೆ ಬಂದಿಲ್ಲ ಕಣವ್ವ,’ ಎಂದರು. ‘ಮೇಡಂ ಹೇಳ್ದಂಗೇ ಮಾಡಿವ್ನಿ. ಒಂದ್ ಹನಿ ಔಷ್ದಿ ಹೊಡ್ದಿಲ್ಲ, ಒಂದ್ ದಿನ ನೀರ್ ತಪ್ಸಿಲ್ಲ. ನಾನು ಸರಿಯಾಗಿ ನೋಡ್ಕೊಂಡಿಲ್ಲ ಅಂತ ಎಲ್ರ ಮುಂದ್ಲೂ ಅಂದ್ಬುಟ್ರು, ನನ್ ಹೊಲಾನೇ ಕೈ ಬುಟ್ರು. ಹೋಗ್ಲಿ ಬುಡಿ. ಅದೇ ಸಸಿ, ಅದೇ ಮಣ್ಣು. ನಿಮ್ ಹೊಲ್ದ ಕೆಂಪು ಸಾಲಲ್ಲಿ ಹುಳ ಯಾಕಿಲ್ಲ? ಅದೊಂದ್ ಹೇಳಿ, ಹೊಂಟೋಯ್ತೀನಿ.’

ಕಾಫಿ ತರುತ್ತೇನೆ ಎಂದು ಒಳಗೆ ಹೋದವಳು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಹೊರಗೆ ಬರುವಷ್ಟರಲ್ಲಿ ಅವರು ಸಿಪ್ಪೆ ಚೂರುಗಳನ್ನೆಲ್ಲ ಆಯ್ದು ಚೀಲಕ್ಕೆ ತುಂಬಿ, ಜಗಲಿ ಒರೆಸಿ ಹೊರಟುಹೋಗಿದ್ದರು. ಅವರ ಹೊಲದ ಅಂಕಿಗಳನ್ನು ನೀನು ಹೊಡೆದುಹಾಕಿದ ಮೇಲೆ ಉಳಿದದ್ದು ನಮ್ಮದೊಂದೇ. ಇವತ್ತು ಸಮಿತಿಯ ಮುಂದೆ ನೀನು ತೋರಿಸುವ ಅಂಕಿಗಳೆಲ್ಲ ನಾನು ಮೊರ ಹಿಡಿದು ಓಡಾಡಿದ ಹೊಲದ್ದು.

ಇನ್ನೊಂದು ವಿಷಯ. ಮಾದಿಹಳ್ಳಿಯ ಮಹದೇವಮ್ಮ ನಿನ್ನ ಸಸಿಗಾಗಿ ಅರ್ಧ ಎಕರೆ ಉತ್ತು ಕಾದಿದ್ದಾಳೆ. ಔಷಧಿ ಹೊಡೆದೂ ಹೊಡೆದೂ ಅವಳ ಗಂಡನ ಕೈ ಚರ್ಮ ಎದ್ದುಹೋಗಿದೆ. ಹೋದ ವಾರ ಹಾಲಿನ ಡೈರಿ ಹತ್ತಿರ ಸಿಕ್ಕಿ, ‘ಅಕ್ಷಯಮ್ಮ ಹೇಳವ್ರೆ ಅಂದ್ಮೇಲೆ ಮುಗೀತು, ಔಷ್ದಿ ಡಬ್ಬ ಮನೇಲೇ ಇಟ್ಕಳಲ್ಲ’ ಎಂದಳು. ನೀನು ಹೇಳಿದ್ದೀಯ ಎಂಬ ಒಂದೇ ಮಾತಿನ ಮೇಲೆ ಅವಳು ಸುಮ್ಮನೆ ಕುಳಿತರೆ, ಅವಳ ಹೊಲದಲ್ಲಿ ಮುಂಜಾನೆ ಕುಡಿ ಚಿವುಟಲು ನಾನಿರುವುದಿಲ್ಲ. ಬೆಳೆಯೆಲ್ಲ ಹುಳದ ಪಾಲಾಗುತ್ತದೆ. ಭಾನುವಾರದಿಂದ ನನಗೆ ಇದೇ ಯೋಚನೆ.

ಆದರೂ ಒಂದು ಸಮಾಧಾನ ಇದೆ, ಅದನ್ನೂ ಬರೆಯುತ್ತೇನೆ. ನಾನು ಚಿವುಟಿದ್ದು ಎಲ್ಲ ಇಪ್ಪತ್ತನಾಲ್ಕು ಸಾಲುಗಳಲ್ಲಿ. ಕೆಂಪೋ ನೀಲಿಯೋ ನೋಡಲಿಲ್ಲ, ಯಾವುದು ನಿನ್ನದೆಂದು ಗೊತ್ತೂ ಇರಲಿಲ್ಲ. ನೀಲಿ ಸಾಲುಗಳಲ್ಲಿ ತೆಗೆದಷ್ಟೂ ಹುಳ ಮತ್ತೆ ಬರುತ್ತಿತ್ತು, ಕೆಂಪಿನಲ್ಲಿ ಬರುತ್ತಿರಲಿಲ್ಲ. ಹಾಗಾದರೆ ನಿನ್ನ ತಳಿಯಲ್ಲಿ ಏನೋ ಗುಣ ಇರಲೇಬೇಕಲ್ಲವೇ? ಎರಡೂ ಕಡೆ ಸಮನಾಗಿ ತೆಗೆದರೆ ಹೋಲಿಕೆ ಕೆಡುವುದಿಲ್ಲ ಎಂದು ನನ್ನ ಮೇಷ್ಟರ ಬುದ್ಧಿಗೆ ತೋರುತ್ತದೆ. ನಮ್ಮಮ್ಮ ಸ್ವಲ್ಪ ಕೈ ಹಾಕಿದ್ದಾಳೆ, ಆದರೂ ವ್ಯತ್ಯಾಸ ನಿಜ ಎಂದು ನೀನು ಸಭೆಯಲ್ಲಿ ಹೇಳಬಹುದು. ಅಷ್ಟರಿಂದ ನಿನ್ನ ಆರು ವರ್ಷದ ಕೆಲಸ ಉಳಿಯುವುದಾದರೆ ಉಳಿಯಲಿ. ನನ್ನನ್ನು ಎಷ್ಟು ಬೇಕಾದರೂ ಬೈದುಕೋ. ನಿನಗೆ ಸಿಟ್ಟು ಬಂದರೆ ಮೂಗಿನ ತುದಿ ಕೆಂಪಾಗುತ್ತದೆ, ಸಭೆಗೆ ಹೋಗುವ ಮೊದಲು ಮುಖಕ್ಕೆ ಸ್ವಲ್ಪ ತಣ್ಣೀರು ಹಾಕಿಕೊ.

ಅಪ್ಪನ ಕೈಯಲ್ಲಿ ಕೋಡುಬಳೆ ಕಳಿಸಿದ್ದೇನೆ. ಅವರನ್ನು ಬಿಸಿಲಿನಲ್ಲಿ ನಿಲ್ಲಿಸಬೇಡ.

ಇಂತಿ,
ನಿನ್ನ ತಪ್ಪಿತಸ್ಥ ಅಮ್ಮ,
ಚಂದ್ರಮತಿ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಕವರು ಅಂಟಿಸಿ ಅಪ್ಪನ ಚೀಲದಲ್ಲಿಟ್ಟಿದ್ದೆ. ಅವರು ಚಪ್ಪಲಿ ಮೆಟ್ಟುವಾಗ ತೆಗೆದು ಹರಿದೆ, ಈಗ ನಿಂತುಕೊಂಡೇ ಬರೆಯುತ್ತಿದ್ದೇನೆ. ಬಸ್ಸು ತಪ್ಪುತ್ತದೆ ಎಂದು ಅವರು ಹೊರಗಿನಿಂದ ಕೂಗುತ್ತಿದ್ದಾರೆ. ಇಪ್ಪತ್ತನಾಲ್ಕು ಸಾಲು ಎಂದದ್ದು ಸುಳ್ಳು. ಮೊದಲ ಎರಡು ದಿನ ಮಾತ್ರ ಎಲ್ಲ ಸಾಲುಗಳಲ್ಲೂ ಚಿವುಟಿದೆ. ಆಮೇಲೆ ನವೆಂಬರಿನವರೆಗೂ ನನ್ನ ಮೊರಕ್ಕೆ ಬಿದ್ದದ್ದೆಲ್ಲ ಕೆಂಪು ಟೇಪಿನ ಸಾಲುಗಳ ಹುಳ. ನೀಲಿ ಸಾಲುಗಳ ಹುಳಗಳು ನಿನ್ನ ಸೀಸೆಗೆ ಹೋಗುತ್ತವೆಂದು ಗೊತ್ತಿದ್ದೂ ಬಿಟ್ಟೆ. ಪರ್ವದ ಹೆಸರು ಹೇಳಿಕೊಂಡೆ, ಆದರೆ ನನಗೆ ಬೇಕಾಗಿದ್ದುದು ನೀನು ಗೆಲ್ಲುವುದು. ಕೆಂಪು ನಿನ್ನದೆಂದು ನೀನು ಒಂದು ದಿನವೂ ಬಾಯಿ ಬಿಡಲಿಲ್ಲ. ಆದರೆ ಎಣಿಸಲು ಬಂದಾಗಲೆಲ್ಲ ಕೆಂಪು ಗೂಟದ ಮುಂದೆ ಬಗ್ಗುವ ಮೊದಲು ನೀನು ಉಸಿರು ಬಿಗಿಹಿಡಿಯುತ್ತಿದ್ದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬೋರ್ಡಿನ ಮುಂದೆ ನನ್ನ ಕೈ ಹಿಡಿದು ನಿಂತಾಗಲೂ ನೀನು ಹಾಗೆಯೇ ಉಸಿರು ಹಿಡಿದಿದ್ದೆ.